‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’: ಆರು ದಶಕಗಳಲ್ಲಿ ವಿಮರ್ಶಕರು ಕಂಡದ್ದು, ಕಾಣದೆ ಬಿಟ್ಟದ್ದು

1970–71ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದರಲ್ಲಿ, ಅಮೆರಿಕದ ಕಪ್ಪು ಜನರ ಉಗ್ರ ಹೋರಾಟದ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯರ ವಿಚಾರಣೆ ನಡೆಯುತ್ತಿತ್ತು. ನಗರದ ಹಲವೆಡೆ ಬಾಂಬ್ ಸ್ಫೋಟಿಸಲು ಸಂಚು ಹೂಡಿದ್ದರೆಂಬುದು ಅವರ ಮೇಲಿದ್ದ ಆರೋಪ. ಆರೋಪಿಗಳ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ತೋರಿಸಲು ಸರ್ಕಾರದ ಪರ ವಕೀಲರು ಜ್ಯೂರಿಯ ಮುಂದೆ ಒಂದು ಸಿನಿಮಾವನ್ನೇ ಪ್ರದರ್ಶಿಸಿದರು. ಇಂಥ ಚಿತ್ರವನ್ನು ನೋಡಿ ಮೆಚ್ಚುವವರು ಎಂಥವರೆಂದು ಜ್ಯೂರಿಯೇ ತೀರ್ಮಾನಿಸಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು. 1971ರ ಮೇ ತಿಂಗಳಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. ಜ್ಯೂರಿಯಲ್ಲಿ ಕುಳಿತಿದ್ದ ಒಬ್ಬರು ಮುಂದೆ ತಮ್ಮ ಅನುಭವವನ್ನು ಬರೆಯುತ್ತಾ, ಸರ್ಕಾರಿ ವಕೀಲರು ಎಣಿಸಿದ್ದಕ್ಕೆ ತದ್ವಿರುದ್ಧವಾಗಿ, ವಿಷಯವನ್ನು ಆರೋಪಿಗಳ ಕಡೆಯಿಂದ ನೋಡಲು ಆ ಚಿತ್ರ ತಮಗೆ ನೆರವಾಯಿತೆಂದು ಹೇಳಿಕೊಂಡರು.

ಆ ಚಿತ್ರ ಇಟಲಿಯ ಜಿಲ್ಲೋ ಪೊಂಟೆಕೋರ್ವೋ ನಿರ್ದೇಶಿಸಿದ, 1966ರಲ್ಲಿ ತೆರೆಕಂಡ ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’. ಫ್ರಾನ್ಸಿನ ಆಳ್ವಿಕೆಯ ವಿರುದ್ಧ ಅಲ್ಜೀರಿಯಾದ ರಾಜಧಾನಿಯಲ್ಲಿ 1956–57ರಲ್ಲಿ ನಡೆದ ದಂಗೆ ಅದರ ವಸ್ತು. ಬಂಡಾಯಗಾರರು ಅದನ್ನು ಕೈಪಿಡಿಯಂತೆ ನೋಡಿದರು. ಬಂಡಾಯವನ್ನು ಹತ್ತಿಕ್ಕುವ ಸೈನ್ಯಗಳೂ ಕೈಪಿಡಿಯಂತೆಯೇ ನೋಡಿದವು. ಕೆಲವು ವಿಮರ್ಶಕರು ಅದನ್ನು ಅಪರೂಪದ ನಿಷ್ಪಕ್ಷಪಾತಕ್ಕಾಗಿ ಹೊಗಳಿದರೆ, ಇನ್ನು ಕೆಲವರು ಅದು ಅತ್ಯಂತ ಚತುರ ಪ್ರಚಾರವೆಂದು ಎಚ್ಚರಿಸಿದರು. ಒಂದು ಕೃತಿಯ ಬಗ್ಗೆ ಅಭಿಪ್ರಾಯಭೇದ ಇರುವುದು ಹೊಸದೇನಲ್ಲ. ಆದರೆ ಇಲ್ಲಿ ಹೊಗಳಿದವರೂ ತೆಗಳಿದವರೂ ಬೆರಳಿಟ್ಟು ತೋರಿಸುತ್ತಿದ್ದದ್ದು ಒಂದೇ ಗುಣವನ್ನು. ಎರಡೂ ಕಡೆಯವರ ಮುಖವನ್ನು ಸಮೀಪದಿಂದ, ಕಣ್ಣು ಮಿಟುಕಿಸದೆ ನೋಡುವ ಅದರ ದೃಷ್ಟಿ ಆ ಗುಣ. ಈ ವಿಚಿತ್ರ ಹೇಗೆ ಸಾಧ್ಯವಾಯಿತು ಎಂಬುದನ್ನು ಅರಿಯಲು ಮೊದಲು ಘಟನೆಯನ್ನೂ, ಆಮೇಲೆ ಅದು ಚಿತ್ರವಾದ ಬಗೆಯನ್ನೂ ನೋಡಬೇಕು.

ಫ್ರಾನ್ಸ್ ಅಲ್ಜೀರಿಯಾವನ್ನು ಆಕ್ರಮಿಸಿದ್ದು 1830ರಲ್ಲಿ. ಅದನ್ನು ಕೇವಲ ಒಂದು ವಸಾಹತು ಎನ್ನದೆ ತನ್ನ ನೆಲದ ಭಾಗವೆಂದೇ ಪರಿಗಣಿಸಿತ್ತು. 1950ರ ದಶಕದ ಹೊತ್ತಿಗೆ ಅಲ್ಲಿ ಸುಮಾರು ಹತ್ತು ಲಕ್ಷ ಯುರೋಪಿಯನ್ ಮೂಲದವರು ನೆಲೆಸಿದ್ದರು. ಅವರ ಪಟ್ಟಣ ಬೇರೆ, ಇಕ್ಕಟ್ಟಿನ ಓಣಿಗಳ ಹಳೆಯ ಮುಸ್ಲಿಂ ಬಡಾವಣೆಯಾದ ಕಸಬಾ ಬೇರೆ. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗ, ಅಂದರೆ ಎಫ್‌ಎಲ್‌ಎನ್, ಸಶಸ್ತ್ರ ಹೋರಾಟವನ್ನು ಆರಂಭಿಸಿತು. 1956ರ ಜೂನ್‌ನಲ್ಲಿ ಇಬ್ಬರು ಹೋರಾಟಗಾರರನ್ನು ಅಲ್ಜಿಯರ್ಸ್ ಜೈಲಿನಲ್ಲಿ ಗಿಲೊಟಿನ್‌ಗೆ ಒಡ್ಡಿದ ಮೇಲೆ ನಗರದಲ್ಲಿ ಯುರೋಪಿಯನ್ನರ ಮೇಲೆ ದಾಳಿಗಳು ಹೆಚ್ಚಿದವು. ಆಗಸ್ಟ್ 10ರಂದು ಫ್ರೆಂಚ್ ಉಗ್ರರು ಕಸಬಾದ ಥೀಬ್ಸ್ ಬೀದಿಯಲ್ಲಿ ಇಟ್ಟ ಬಾಂಬ್ ಮಲಗಿದ್ದ ಕುಟುಂಬಗಳನ್ನು ಬಲಿ ತೆಗೆದುಕೊಂಡಿತು. ಸೆಪ್ಟೆಂಬರ್ 30ರಂದು ಎಫ್‌ಎಲ್‌ಎನ್‌ನ ಮೂವರು ತರುಣಿಯರು ಯುರೋಪಿಯನ್ ಉಡುಗೆ ತೊಟ್ಟು ಮಿಲ್ಕ್ ಬಾರ್, ಕೆಫೆಟೇರಿಯಾ ಮತ್ತು ಏರ್ ಫ್ರಾನ್ಸ್ ಕಚೇರಿಯಲ್ಲಿ ಬಾಂಬ್ ಇಟ್ಟರು, ಮೂರನೆಯದು ಸಿಡಿಯಲಿಲ್ಲ. 1957ರ ಜನವರಿ 7ರಂದು ನಗರದ ಪೊಲೀಸ್ ಅಧಿಕಾರವನ್ನೆಲ್ಲ ಜನರಲ್ ಮಾಸ್ಸು ಅವರ ಪ್ಯಾರಾಚೂಟ್ ಪಡೆಗೆ ಒಪ್ಪಿಸಲಾಯಿತು. ಆಮೇಲಿನ ತಿಂಗಳುಗಳಲ್ಲಿ ಮನೆಮನೆ ಶೋಧ, ಸಾಮೂಹಿಕ ಬಂಧನ ಮತ್ತು ವ್ಯವಸ್ಥಿತವಾದ ಚಿತ್ರಹಿಂಸೆ ನಡೆದವು. ಅಲ್ಜಿಯರ್ಸ್‌ನ ಪೊಲೀಸ್ ವ್ಯವಹಾರದ ಹೊಣೆ ಹೊತ್ತಿದ್ದ ಪಾಲ್ ಟೈಟ್‌ಜೆನ್ ಎಂಬ ಫ್ರೆಂಚ್ ಅಧಿಕಾರಿ, ಬಂಧಿತರಾದವರಲ್ಲಿ 3,024 ಮಂದಿಯ ಸುಳಿವೇ ಇಲ್ಲವೆಂದು ಲೆಕ್ಕ ಇಟ್ಟು, ಅದೇ ವರ್ಷ ಹುದ್ದೆ ತೊರೆದರು. ಅಕ್ಟೋಬರ್ 8ರಂದು ಅಲಿ ಲಾ ಪ್ವಾಂತ್ ಎಂದು ಹೆಸರಾಗಿದ್ದ ಎಫ್‌ಎಲ್‌ಎನ್ ಹೋರಾಟಗಾರ ಅಲಿ ಅಮ್ಮಾರ್ ಅಡಗಿದ್ದ ಮನೆಯನ್ನು ಸೈನ್ಯ ಸ್ಫೋಟಿಸಿತು. ಅಲ್ಲಿಗೆ ಕಾಳಗ ಮುಗಿದು ಸೈನ್ಯ ಗೆದ್ದಿತ್ತು. ಐದು ವರ್ಷ ಕಳೆಯುವ ಮುನ್ನವೇ, 1962ರ ಜುಲೈನಲ್ಲಿ, ಅಲ್ಜೀರಿಯಾ ಸ್ವತಂತ್ರವಾಯಿತು.

ಕಾಳಗ ಗೆದ್ದವರು ಯುದ್ಧ ಸೋತರು ಎಂಬ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಚಿತ್ರವನ್ನು ತಪ್ಪಾಗಿ ಓದಿದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ.

ಚಿತ್ರಕ್ಕೆ ಬೀಜ ಹಾಕಿದವರು ಯಾಸೆಫ್ ಸಾದಿ. ಅಲ್ಜಿಯರ್ಸ್‌ನಲ್ಲಿ ಎಫ್‌ಎಲ್‌ಎನ್‌ನ ಸೇನಾ ಮುಖಂಡರಾಗಿ 1957ರ ಸೆಪ್ಟೆಂಬರ್‌ನಲ್ಲಿ ಸೆರೆಸಿಕ್ಕ ಅವರು ತಮ್ಮ ನೆನಪುಗಳನ್ನು ಬರೆದಿದ್ದರು. ಸ್ವಾತಂತ್ರ್ಯಾನಂತರ ಇಟಲಿಗೆ ಬಂದು, ಅದನ್ನು ಆಧರಿಸಿದ ಒಂದು ಚಿತ್ರಕಥೆಯನ್ನು ಪೊಂಟೆಕೋರ್ವೋ ಮುಂದಿಟ್ಟರು. ಪೊಂಟೆಕೋರ್ವೋ ಎರಡನೆಯ ಮಹಾಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದವರು, 1956ರಲ್ಲಿ ಹಂಗೆರಿಯ ಮೇಲೆ ಸೋವಿಯತ್ ದಾಳಿ ನಡೆದಾಗ ಕಮ್ಯುನಿಸ್ಟ್ ಪಕ್ಷವನ್ನು ಬಿಟ್ಟವರು. ಸಾದಿ ಅವರ ಚಿತ್ರಕಥೆ ಬರೀ ಪ್ರಚಾರವಾಗಿದೆಯೆಂದು ಹೇಳಿ ಅವರು ಅದನ್ನು ತಿರಸ್ಕರಿಸಿದರು. ಇತ್ತ ಪೊಂಟೆಕೋರ್ವೋ ಮತ್ತು ಲೇಖಕ ಫ್ರಾಂಕೋ ಸೊಲಿನಾಸ್ ತಾವೇ ಯೋಚಿಸಿಟ್ಟುಕೊಂಡಿದ್ದ, ಮಾಜಿ ಪ್ಯಾರಾ ಸೈನಿಕನೊಬ್ಬ ನಾಯಕನಾಗಿದ್ದ ಕಥೆಯನ್ನು ಅಲ್ಜೀರಿಯನ್ನರು ಒಪ್ಪಲಿಲ್ಲ. ಎರಡನ್ನೂ ಬದಿಗಿಟ್ಟು ಸೊಲಿನಾಸ್ ಹೊಸದಾಗಿ ಬರೆದರು. ಫ್ರೆಂಚ್ ಯೋಧನ ಪಶ್ಚಾತ್ತಾಪದ ಕಥೆಯೂ ಅಲ್ಲದ, ಹೋರಾಟಗಾರನ ಸ್ತುತಿಯೂ ಅಲ್ಲದ ಮೂರನೆಯ ದಾರಿಯೊಂದು ಹುಟ್ಟಿದ್ದು ಈ ಎರಡು ನಿರಾಕರಣೆಗಳಿಂದ.

ಚಿತ್ರೀಕರಣ 1965ರಲ್ಲಿ, ಘಟನೆಗಳು ನಡೆದ ಕಸಬಾದ ಓಣಿಗಳಲ್ಲೇ ನಡೆಯಿತು. ಅಲಿಯ ಪಾತ್ರ ಮಾಡಿದ ಬ್ರಾಹಿಮ್ ಹಗ್ಗಿಯಾಗ್ ಅದಕ್ಕೆ ಮುಂಚೆ ಕ್ಯಾಮೆರಾ ಮುಂದೆ ನಿಂತವರಲ್ಲ. ಸಾದಿ ಸ್ವತಃ ತಮ್ಮನ್ನೇ ಹೋಲುವ ಜಾಫರ್ ಎಂಬ ಪಾತ್ರವನ್ನು ವಹಿಸಿದರು. ಮುಖ್ಯ ಪಾತ್ರಗಳಲ್ಲಿ ವೃತ್ತಿಪರ ನಟರಾಗಿದ್ದವರು ಕರ್ನಲ್ ಮಾತ್ಯು ಪಾತ್ರದ ಜಾನ್ ಮಾರ್ತಾ ಒಬ್ಬರೇ. ಅಲ್ಜೀರಿಯಾ ಯುದ್ಧವನ್ನು ವಿರೋಧಿಸಿ 1960ರಲ್ಲಿ ಹೊರಬಂದ ‘121 ಜನರ ಘೋಷಣೆ’ಗೆ ಸಹಿ ಹಾಕಿ ಫ್ರಾನ್ಸಿನಲ್ಲಿ ಅವಕಾಶಗಳನ್ನು ಕಳೆದುಕೊಂಡಿದ್ದ ನಟ, ಆ ಯುದ್ಧವನ್ನು ನಡೆಸಿದ ಸೇನಾಧಿಕಾರಿಯಾಗಿ ಅಭಿನಯಿಸಿದರೆಂಬುದು ಗಮನಿಸಬೇಕಾದ ಸಂಗತಿ. 1965ರ ಜೂನ್ 19ರಂದು ಬೂಮೆದಿಯೆನ್ ಅಧ್ಯಕ್ಷ ಬೆನ್ ಬೆಲ್ಲಾ ಅವರನ್ನು ಪದಚ್ಯುತಗೊಳಿಸಿ ಟ್ಯಾಂಕುಗಳನ್ನು ಬೀದಿಗಿಳಿಸಿದಾಗ, ಸಿನಿಮಾದ ಚಿತ್ರೀಕರಣವಿರಬೇಕೆಂದು ಜನ ಸುಮ್ಮನಿದ್ದರು ಎಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ.

ಛಾಯಾಗ್ರಾಹಕ ಮಾರ್ಚೆಲ್ಲೋ ಗಾಟ್ಟಿ ಮತ್ತು ಪೊಂಟೆಕೋರ್ವೋ ಬಹಳ ಶ್ರಮಪಟ್ಟದ್ದು ಚಿತ್ರದ ಚರ್ಮಕ್ಕಾಗಿ ಎನ್ನಬಹುದು. ಆಗಿನ ಜನ ಅಲ್ಜೀರಿಯಾ ಯುದ್ಧವನ್ನು ಕಂಡದ್ದು ಕಪ್ಪು–ಬಿಳುಪಿನ ವಾರ್ತಾಚಿತ್ರಗಳಲ್ಲಿ. ತಮ್ಮ ಚಿತ್ರವೂ ಅದೇ ರೀತಿ ಕಾಣಬೇಕೆಂದು ಅವರು ನೆಗೆಟಿವ್‌ನ ಪ್ರತಿಯಿಂದ ಮತ್ತೆ ಪ್ರತಿ ತೆಗೆದು, ಮರಳು ಚೆಲ್ಲಿದಂಥ ಒರಟುತನವನ್ನು ತಂದರು. ಗುಂಪಿನ ದೃಶ್ಯಗಳಲ್ಲಿ ದೂರದಿಂದ ಟೆಲಿಫೋಟೋ ಮಸೂರ, ಓಣಿಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾ ಬಳಸಿದರು. ಕಸಬಾದ ಕಡು ಬಿಸಿಲು ಮುಖಗಳ ಮೇಲೆ ನೇರವಾಗಿ ಬೀಳದಂತೆ ಬಟ್ಟೆ ಕಟ್ಟಿ ಬೆಳಕನ್ನು ಸೋಸಿದರು. ಫಲಿತಾಂಶ ಎಷ್ಟು ನಂಬಿಕೆ ಹುಟ್ಟಿಸುವಂತಿತ್ತೆಂದರೆ, ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರಲ್ಲಿ ನಿಜವಾದ ವಾರ್ತಾಚಿತ್ರದ ಒಂದು ಅಡಿ ಫಿಲ್ಮೂ ಇಲ್ಲವೆಂದು ಪ್ರೇಕ್ಷಕರಿಗೆ ತಿಳಿಸಬೇಕಾಯಿತು. ವಿಮರ್ಶೆಯ ಮುಂದಿನ ಎಲ್ಲ ಗೊಂದಲಗಳ ಬೇರು ಇಲ್ಲಿದೆ. ವಾರ್ತಾಚಿತ್ರದಂತೆ ಕಾಣುವುದು ವಾರ್ತೆಯಂತೆ ತಟಸ್ಥವೂ ಆಗಿರುತ್ತದೆಂದು ನಮ್ಮ ಕಣ್ಣು ತಾನಾಗಿ ನಂಬಿಬಿಡುತ್ತದೆ. ಆದರೆ ಇಲ್ಲಿನ ಪ್ರತಿ ಚೌಕಟ್ಟೂ ಆಯ್ದು ಕಟ್ಟಿದ್ದು.

1966ರ ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಬಂತು. ಸ್ಪರ್ಧೆಯಲ್ಲಿ ರಾಬರ್ಟ್ ಬ್ರೆಸ್ಸೋ ಮತ್ತು ಫ್ರಾನ್ಸ್ವಾ ತ್ರುಫೋ ಅವರಂಥ ಫ್ರೆಂಚ್ ದಿಗ್ಗಜರ ಚಿತ್ರಗಳಿದ್ದವು. ಫ್ರಾನ್ಸಿನ ನಿಯೋಗ ಪ್ರತಿಭಟಿಸಿ ಹೊರನಡೆಯಿತು. ಫ್ರಾನ್ಸಿನ ಒಳಗೆ ಚಿತ್ರವನ್ನು ವಿಮರ್ಶಿಸುವ ಪ್ರಶ್ನೆಯೇ ಹಲವು ವರ್ಷ ಏಳಲಿಲ್ಲ, ಏಕೆಂದರೆ ಅದು ಅಲ್ಲಿ ತೆರೆಕಾಣಲೇ ಇಲ್ಲ. 1970ರಲ್ಲಿ ಅನುಮತಿ ಸಿಕ್ಕಾಗ ಮಾಜಿ ಸೈನಿಕರ ಹಾಗೂ ಅಲ್ಜೀರಿಯಾದಿಂದ ಮರಳಿದ್ದ ಯುರೋಪಿಯನ್ನರ ಸಂಘಟನೆಗಳ ಪ್ರತಿಭಟನೆ ಮತ್ತು ಬೆದರಿಕೆಗಳಿಂದ ಚಿತ್ರಮಂದಿರಗಳು ಹಿಂದೆ ಸರಿದವು. 1971ರಲ್ಲಿ ಪ್ಯಾರಿಸ್ಸಿನಲ್ಲಿ ಅದು ತೆರೆಕಂಡಾಗಲೂ ಚಿತ್ರಮಂದಿರದ ಮೇಲೆ ದಾಳಿಗಳಾದವು. ಇದನ್ನು ಕೇವಲ ಸೆನ್ಸಾರ್ ಕಥೆಯಾಗಿ ನೋಡಿದರೆ ಸಾಲದು. ಆ ಯುದ್ಧವನ್ನು ‘ಯುದ್ಧ’ ಎಂದು ಕರೆಯಲು ಫ್ರಾನ್ಸಿನ ಸರ್ಕಾರ ಸಿದ್ಧವಿರಲಿಲ್ಲ. ಅಧಿಕೃತ ಭಾಷೆಯಲ್ಲಿ ಅದು ಸುವ್ಯವಸ್ಥೆ ಕಾಪಾಡುವ ಕಾರ್ಯಾಚರಣೆಯಷ್ಟೇ ಆಗಿತ್ತು. ಕಾನೂನಿನಲ್ಲಿ ‘ಅಲ್ಜೀರಿಯಾ ಯುದ್ಧ’ ಎಂಬ ಪದ ಬಂದದ್ದು 1999ರಲ್ಲಿ. ಚಿತ್ರಹಿಂಸೆಯ ಬಗ್ಗೆ ಆನ್ರಿ ಅಲೆಗ್ ಬರೆದ ಪುಸ್ತಕವನ್ನು 1958ರಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ದೇಶ ಅದು. ಹೆಸರೇ ಇಲ್ಲದ ಯುದ್ಧವೊಂದನ್ನು ತೆರೆಯ ಮೇಲೆ ತಂದ ಚಿತ್ರಕ್ಕೆ ಅಲ್ಲಿ ಮೊದಲು ದೊರೆತ ಉತ್ತರ ಮೌನವೇ. 1971ರಲ್ಲಿ ಜನರಲ್ ಮಾಸ್ಸು ‘ನಿಜವಾದ ಅಲ್ಜಿಯರ್ಸ್ ಕಾಳಗ’ ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕವನ್ನೇ ಬರೆದರು. ಸಿನಿಮಾವನ್ನು ಅಲ್ಲಗಳೆಯಲು ಹೊರಟ ಆ ಪುಸ್ತಕದಲ್ಲಿ ಚಿತ್ರಹಿಂಸೆ ನಡೆದದ್ದನ್ನು ಅವರೇ ಒಪ್ಪಿಕೊಂಡರು.

ಅಮೆರಿಕದಲ್ಲಿ ಚಿತ್ರ 1967ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಚಿತ್ರೋತ್ಸವದ ಆರಂಭಿಕ ಚಿತ್ರವಾಗಿ ಬಂತು. ಅದೇ ಬೇಸಿಗೆಯಲ್ಲಿ ನ್ಯೂವರ್ಕ್ ಮತ್ತು ಡೆಟ್ರಾಯಿಟ್ ನಗರಗಳು ಹೊತ್ತಿ ಉರಿದಿದ್ದವು. ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌದರ್ ಚಿತ್ರವನ್ನು ಮೆಚ್ಚಿ ಬರೆಯುತ್ತಾ, ಇಲ್ಲಿ ಕಾಣುವುದಕ್ಕೂ ನಮ್ಮ ನಗರಗಳ ಕಪ್ಪು ಜನರ ಕೇರಿಗಳಲ್ಲಿ ಈಚೆಗೆ ನಡೆದದ್ದಕ್ಕೂ ನಂಟು ಕಂಡರೆ ಆಶ್ಚರ್ಯವಿಲ್ಲವೆಂಬ ಇಂಗಿತ ನೀಡಿದರು. ಅಂದರೆ ಅಲ್ಜೀರಿಯಾದ ಕಥೆ ಅಮೆರಿಕದಲ್ಲಿ ಬಂದಿಳಿದ ದಿನವೇ ಅಮೆರಿಕದ ಕಥೆಯಾಗಿ ಓದಿಸಿಕೊಂಡಿತು. ವಿದೇಶಿ ಭಾಷೆಯ ಅತ್ಯುತ್ತಮ ಚಿತ್ರದ ವಿಭಾಗದಲ್ಲಿ ಮೊದಲು, ಮುಂದೆ ನಿರ್ದೇಶನ ಮತ್ತು ಚಿತ್ರಕಥೆಯ ವಿಭಾಗಗಳಲ್ಲಿ ಅದು ಆಸ್ಕರ್‌ಗೆ ನಾಮನಿರ್ದೇಶನ ಪಡೆಯಿತು, ಗೆಲ್ಲಲಿಲ್ಲ.

ಅಮೆರಿಕದ ವಿಮರ್ಶಕರಲ್ಲಿ ಚಿತ್ರದ ಮರ್ಮಕ್ಕೆ ಹತ್ತಿರ ಬಂದವರು ಪೌಲೀನ್ ಕೇಲ್. ಪೊಂಟೆಕೋರ್ವೋ ಅತ್ಯಂತ ಅಪಾಯಕಾರಿ ಬಗೆಯ ಮಾರ್ಕ್ಸ್‌ವಾದಿ, ಏಕೆಂದರೆ ಆತ ಕವಿ ಎಂಬರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಅದನ್ನು ನಿಂದೆಯೆಂದು ಉಲ್ಲೇಖಿಸುವವರೂ ಇದ್ದಾರೆ, ಹೊಗಳಿಕೆಯೆಂದು ಉಲ್ಲೇಖಿಸುವವರೂ ಇದ್ದಾರೆ. ಅದು ಎರಡೂ ಹೌದೆಂದು ನನಗನ್ನಿಸುತ್ತದೆ. ಘೋಷಣೆ ಕೂಗುವ ಪ್ರಚಾರಚಿತ್ರವನ್ನು ನಾವು ಸುಲಭವಾಗಿ ದೂರವಿಡಬಲ್ಲೆವು. ಶತ್ರುವಿನ ಸಾವಿಗೂ ಅಳುವ ಚಿತ್ರ ಪಕ್ಷ ವಹಿಸಿದಾಗ ಅದನ್ನು ತಳ್ಳಿಹಾಕುವುದು ಕಷ್ಟ. ಕೇಲ್ ಗುರುತಿಸಿದ ‘ಅಪಾಯ’ ಅದು.

ಇದನ್ನು ಒಂದು ದೃಶ್ಯದಿಂದ ಸ್ಪಷ್ಟಪಡಿಸಬಹುದು. ಮಿಲ್ಕ್ ಬಾರ್‌ಗೆ ಬಂದ ತರುಣಿ ಬಾಂಬ್ ಇರುವ ಚೀಲವನ್ನು ಕಾಲಿನಿಂದ ಮೆಲ್ಲಗೆ ಒಳಗೆ ಸರಿಸಿ ಸುತ್ತಲೂ ನೋಡುತ್ತಾಳೆ. ಕ್ಯಾಮೆರಾ ಅವಳ ಕಣ್ಣಿನೊಡನೆ ಸಾಗಿ, ಕುಳಿತವರ ಮುಖಗಳನ್ನು ಒಂದೊಂದಾಗಿ ತೋರಿಸುತ್ತದೆ. ಐಸ್‌ಕ್ರೀಮ್ ನೆಕ್ಕುತ್ತಿರುವ ಮಗುವೂ ಅವರಲ್ಲಿದೆ. ಚಿತ್ರ ಸುಮ್ಮನೆ ಪಕ್ಷ ವಹಿಸಬೇಕೆಂದಿದ್ದರೆ ಆ ಮಗುವನ್ನು ತೋರಿಸಬೇಕಾಗಿರಲಿಲ್ಲ. ಸ್ಫೋಟದ ನಂತರ ಕೇಳುವ ಶೋಕಸಂಗೀತ ನಾವು ಹಿಂದೆ ಕೇಳಿದ್ದೇ ಆಗಿದೆ: ಥೀಬ್ಸ್ ಬೀದಿಯ ಅವಶೇಷಗಳಡಿಯಿಂದ ಅಲ್ಜೀರಿಯನ್ ಮಕ್ಕಳ ಶವಗಳನ್ನು ಎತ್ತುವಾಗ ಬಂದದ್ದೂ ಎನ್ನಿಯೋ ಮೊರಿಕೋನೆ ಮತ್ತು ಪೊಂಟೆಕೋರ್ವೋ ಕೂಡಿ ಸಂಯೋಜಿಸಿದ ಅದೇ ರಾಗ. ಸತ್ತವರೆಲ್ಲರಿಗೂ ಒಂದೇ ಶೋಕ. ಆದರೆ ದೃಶ್ಯಗಳ ಕ್ರಮವನ್ನು ಗಮನಿಸಿ. ಕಸಬಾದ ಸ್ಫೋಟ ಮೊದಲು, ಕೆಫೆಯದು ಅನಂತರ. ಇತಿಹಾಸದಲ್ಲಿಯೂ ಆ ಎರಡು ಬಾಂಬುಗಳ ಕ್ರಮ ಅದೇ ಆಗಿತ್ತೆಂಬುದು ನಿಜ. ಆದರೂ ಕಥೆ ಹೇಳುವವನು ಎಲ್ಲಿಂದ ಎಣಿಸಲು ತೊಡಗುತ್ತಾನೆ ಎಂಬುದರ ಮೇಲೆ ಯಾವುದು ದಾಳಿ, ಯಾವುದು ಪ್ರತೀಕಾರ ಎಂಬುದು ನಿಲ್ಲುತ್ತದೆ. 1955ರ ಆಗಸ್ಟ್ 20ರಂದು ಫಿಲಿಪ್‌ವಿಲ್ ಎಂಬಲ್ಲಿ ಎಫ್‌ಎಲ್‌ಎನ್ ನಾಗರಿಕರನ್ನು ಕೊಂದದ್ದಾಗಲಿ, ಅದಕ್ಕೆ ಪ್ರತಿಯಾಗಿ ಫ್ರೆಂಚರು ನಡೆಸಿದ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಹತ್ಯಾಕಾಂಡವಾಗಲಿ ಚಿತ್ರದಲ್ಲಿಲ್ಲ. ಕರುಣೆ ಎರಡೂ ಕಡೆಗೆ ಹರಿಯುತ್ತದೆ, ನ್ಯಾಯ ಒಂದು ಕಡೆಗೆ ನಿಲ್ಲುತ್ತದೆ. ನಿಷ್ಪಕ್ಷಪಾತ ಎಂದು ಹೊಗಳಿದವರು ಮೊದಲನೆಯದನ್ನಷ್ಟೇ ಕಂಡರು, ಪ್ರಚಾರ ಎಂದು ಜರೆದವರು ಎರಡನೆಯದನ್ನಷ್ಟೇ ಕಂಡರು.

ಕರ್ನಲ್ ಮಾತ್ಯು ಪಾತ್ರದ ಕುರಿತ ಚರ್ಚೆಯೂ ಇಲ್ಲಿಗೇ ಸೇರುತ್ತದೆ. ಮಾಸ್ಸು, ಬಿಜಾರ್ ಮುಂತಾದ ಹಲವು ಅಧಿಕಾರಿಗಳನ್ನು ಬೆರೆಸಿ ಕಟ್ಟಿದ ಪಾತ್ರ ಅದು. ಕಪ್ಪು ಕನ್ನಡಕ ಧರಿಸಿ, ಸಮವಸ್ತ್ರದ ಮಡಿಕೆ ಕೆಡದಂತೆ ನಡೆದುಬರುವ ಆತ ಬುದ್ಧಿವಂತ, ಸೌಜನ್ಯವಂತ. ಎದುರಾಳಿಯ ಬಗ್ಗೆ ಗೌರವವಿರುವವನು. ತಮ್ಮನ್ನು ಫ್ಯಾಸಿಸ್ಟರೆಂದು ಕರೆಯುವವರಿಗೆ, ತಮ್ಮಲ್ಲಿ ಹಲವರು ನಾಜಿಗಳ ವಿರುದ್ಧ ಹೋರಾಡಿದವರು, ದಾಹೌ ಮತ್ತು ಬುಖನ್‌ವಾಲ್ಡ್ ಶಿಬಿರಗಳಿಂದ ಬದುಕಿ ಬಂದವರೆಂದು ನೆನಪಿಸುತ್ತಾನೆ. ಚಿತ್ರಹಿಂಸೆಯ ಬಗ್ಗೆ ಪತ್ರಕರ್ತರು ಕೆಣಕಿದಾಗ ಪ್ರಶ್ನೆಯನ್ನು ಅವರಿಗೇ ತಿರುಗಿಸುತ್ತಾನೆ: ಫ್ರಾನ್ಸ್ ಅಲ್ಜೀರಿಯಾದಲ್ಲಿ ಉಳಿಯಬೇಕೇ? ಹೌದೆಂಬುದೇ ನಿಮ್ಮ ಉತ್ತರವಾದರೆ ಅದರ ಪರಿಣಾಮಗಳನ್ನೆಲ್ಲ ಒಪ್ಪಿಕೊಳ್ಳಿ. ಇಷ್ಟು ಆಕರ್ಷಕನಾದ ಖಳನಾಯಕ ಚಿತ್ರಹಿಂಸೆಗೆ ತರ್ಕದ ಮರ್ಯಾದೆ ತಂದುಕೊಡುತ್ತಾನೆಂದು ಆಕ್ಷೇಪಿಸಿದವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಮಾತ್ಯುವನ್ನು ಕ್ರೂರಿಯಾಗಿ ಚಿತ್ರಿಸಿದ್ದರೆ ತಪ್ಪೆಲ್ಲವೂ ಅವನ ಸ್ವಭಾವದ್ದಾಗುತ್ತಿತ್ತು. ಅವನ ಜಾಗದಲ್ಲಿ ಒಳ್ಳೆಯವನೊಬ್ಬನನ್ನು ಕೂರಿಸಿದರೆ ವಸಾಹತು ಆಳ್ವಿಕೆಯೂ ಒಳ್ಳೆಯದಾಗಬಹುದೆಂದು ಪ್ರೇಕ್ಷಕ ಭಾವಿಸುವ ಅವಕಾಶವಿರುತ್ತಿತ್ತು. ಸೊಲಿನಾಸ್ ಆ ಬಾಗಿಲನ್ನು ಮುಚ್ಚಿದ್ದಾರೆ. ಸಭ್ಯನಾದ ಮನುಷ್ಯ, ತರ್ಕಬದ್ಧವಾಗಿ ಯೋಚಿಸಿ, ಆಳ್ವಿಕೆ ಉಳಿಯಬೇಕೆಂಬ ಒಂದು ನಿರ್ಧಾರದಿಂದ ಹೊರಟು ಚಿತ್ರಹಿಂಸೆಯ ವಿದ್ಯುತ್ ತಂತಿಗೂ ನೀರಿನ ತೊಟ್ಟಿಗೂ ಬಂದು ಮುಟ್ಟುತ್ತಾನೆ ಎಂಬುದೇ ಚಿತ್ರದ ವಾದ. ಕಿತ್ತೂರು ಚೆನ್ನಮ್ಮನ, ಸಂಗೊಳ್ಳಿ ರಾಯಣ್ಣನ ಕಥೆಗಳನ್ನು ತೆರೆಯ ಮೇಲೆ ನೋಡಿ ಬೆಳೆದ ಕನ್ನಡದ ಪ್ರೇಕ್ಷಕರಿಗೆ ಇದು ಮೊದಲು ಅಪರಿಚಿತವೆನಿಸಬಹುದು. ಅಲ್ಲಿ ವೀರರ ಎದುರು ನಿಲ್ಲುವ ಬ್ರಿಟಿಷ್ ಅಧಿಕಾರಿಯನ್ನು ದ್ವೇಷಿಸಲು ನಮಗೆ ಯಾವ ಅಡ್ಡಿಯೂ ಇರುವುದಿಲ್ಲ.

ಕೃತಿಯ ನೈತಿಕತೆಯ ಬಗ್ಗೆ ಫ್ರೆಂಚ್ ವಿಮರ್ಶೆಯಲ್ಲಿ ಒಂದು ಹಳೆಯ ಸಂಶಯವೂ ಇತ್ತು. ನಾಜಿ ಶಿಬಿರದ ಕುರಿತು ಪೊಂಟೆಕೋರ್ವೋ 1960ರಲ್ಲಿ ಮಾಡಿದ ‘ಕಾಪೋ’ ಚಿತ್ರದಲ್ಲಿ ಹೆಣ್ಣೊಬ್ಬಳು ವಿದ್ಯುತ್ ತಂತಿಬೇಲಿಗೆ ಬಿದ್ದು ಸಾಯುತ್ತಾಳೆ. ಆ ಹೆಣವನ್ನು ಅಂದವಾದ ಚೌಕಟ್ಟಿಗೆ ತರಲು ಕ್ಯಾಮೆರಾ ಮುಂದೆ ಸರಿಯುವುದನ್ನು ಜಾಕ್ ರಿವೆತ್ 1961ರಲ್ಲಿ ‘ಕಾಯೇ ದ್ಯು ಸಿನೆಮಾ’ ಪತ್ರಿಕೆಯಲ್ಲಿ ತೀವ್ರವಾಗಿ ಖಂಡಿಸಿದ್ದರು. ಆ ಕ್ಷಣದಲ್ಲಿ ಸೌಂದರ್ಯವನ್ನು ಹುಡುಕುವ ನಿರ್ದೇಶಕ ಆಳವಾದ ತಿರಸ್ಕಾರಕ್ಕಷ್ಟೇ ಯೋಗ್ಯನೆಂಬುದು ಅವರ ತೀರ್ಪು. ಆ ಪುಟ್ಟ ಲೇಖನ ಪೊಂಟೆಕೋರ್ವೋ ಹೆಸರಿಗೆ ಅಂಟಿಕೊಂಡು ಉಳಿಯಿತು. ಅಲ್ಜಿಯರ್ಸ್ ಚಿತ್ರದಲ್ಲಿಯೂ ಚಿತ್ರಹಿಂಸೆಯ ದೃಶ್ಯಗಳಿಗೆ ಬಾಖ್‌ನನ್ನು ನೆನಪಿಸುವ ಗಂಭೀರ ಸಂಗೀತವಿದೆ, ನರಳುವ ಮುಖಗಳು ಚರ್ಚಿನ ಚಿತ್ರಗಳಲ್ಲಿನ ಸಂತರಂತೆ ಕಾಣುತ್ತವೆ. ನೋವನ್ನು ಹೀಗೆ ಪವಿತ್ರಗೊಳಿಸುವುದು ಸರಿಯೇ ಎಂಬ ಪ್ರಶ್ನೆ ಇನ್ನೂ ಬತ್ತಿಲ್ಲ. ಕಾಲವೇ ಚೀತ್ಕಾರವನ್ನು ಅಡಗಿಸಿಟ್ಟಿದ್ದಾಗ ಕಲಾವಿದ ಅದರ ಮೇಲೆ ಸಂಗೀತ ಹೊದಿಸುವುದು ಒಂದು ಬಗೆಯ ಮರೆಮಾಚುವಿಕೆ ಎನ್ನುವವರ ಮಾತಿನಲ್ಲಿ ತೂಕವಿದೆಯೆಂದು ನಾನು ಭಾವಿಸುತ್ತೇನೆ.

ಇದಕ್ಕಿಂತ ಗಟ್ಟಿಯಾದ ವಿಮರ್ಶೆ ಬಂದದ್ದು ಮಹಿಳೆಯರ ಚಿತ್ರಣದ ಬಗ್ಗೆ. ಅಲ್ಜೀರಿಯಾದ ಹೋರಾಟದಲ್ಲಿ ಭಾಗಿಯಾಗಿದ್ದ ಚಿಂತಕ ಫ್ರಾಂಟ್ಸ್ ಫ್ಯಾನನ್, ಬುರ್ಖಾ ತೆಗೆದು ಫ್ರೆಂಚ್ ಹೆಣ್ಣಿನಂತೆ ನಡೆಯುತ್ತಾ ತಪಾಸಣಾ ಠಾಣೆಗಳನ್ನು ದಾಟಿದ ಅಲ್ಜೀರಿಯನ್ ಮಹಿಳೆಯರ ಬಗ್ಗೆ 1959ರಲ್ಲೇ ಬರೆದಿದ್ದರು. ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯ ಆ ಬರಹದ ನೆರಳಿನಲ್ಲಿದೆ: ಮೂವರು ಕನ್ನಡಿಯ ಮುಂದೆ ನಿಂತು ಕೂದಲು ಕತ್ತರಿಸಿ, ಬಣ್ಣ ಬಳಿದು, ತುಟಿಗೆ ರಂಗು ಹಚ್ಚಿ ಬೇರೆಯವರಾಗುತ್ತಾರೆ. ಅಲ್ಲಿ ಮಾತಿಲ್ಲ. ಮೊದಲು ಬರೆದಿದ್ದ ಸಂಭಾಷಣೆ ಹೊಂದಲಿಲ್ಲವೆಂದು ಪೊಂಟೆಕೋರ್ವೋ ಅದನ್ನು ತೆಗೆದು, ಸ್ಥಳೀಯ ಡೋಲಿನ ಬಡಿತವನ್ನಷ್ಟೇ ಉಳಿಸಿದರು. ಸಿನಿಮಾ ಆಗಿ ಅದು ಉಸಿರು ಬಿಗಿಹಿಡಿಸುವ ಆಯ್ಕೆ. ಆದರೆ ಸ್ತ್ರೀವಾದಿ ವಿಮರ್ಶಕರು ಎತ್ತಿದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ: ಇಡೀ ಚಿತ್ರದಲ್ಲಿ ಅಲಿ ಮಾತನಾಡುತ್ತಾನೆ, ಜಾಫರ್ ಮಾತನಾಡುತ್ತಾನೆ, ಎಫ್‌ಎಲ್‌ಎನ್ ನಾಯಕ ಬೆನ್ ಮ್ಹಿದಿ ಕ್ರಾಂತಿಯ ಬಗ್ಗೆ ವಿಚಾರ ಮಂಡಿಸುತ್ತಾನೆ, ಬಾಂಬ್ ಹೊತ್ತ ಹೆಂಗಸರು ಮಾತ್ರ ಏಕೆ ಮೌನಿಗಳು? ಮಿಲ್ಕ್ ಬಾರ್‌ನಲ್ಲಿ ಬಾಂಬ್ ಇಟ್ಟ ಜೊಹ್ರಾ ದ್ರಿಫ್ ಆಗ ಕಾನೂನು ವಿದ್ಯಾರ್ಥಿನಿಯಾಗಿದ್ದವರು. ತಾನು ಏಕೆ ಹಾಗೆ ಮಾಡಿದೆನೆಂದು ಸ್ವಂತ ಮಾತುಗಳಲ್ಲಿ ಹೇಳಬಲ್ಲವರಾಗಿದ್ದರು, ಮುಂದೆ ತಮ್ಮ ಆತ್ಮಕಥನದಲ್ಲಿ ಹೇಳಿಯೂ ಇದ್ದಾರೆ. ಚಿತ್ರ ಮುಗಿಯುವುದೂ ಬಾವುಟ ಹಿಡಿದು ಕುಣಿಯುತ್ತಾ ಸೈನಿಕರತ್ತ ನುಗ್ಗುವ ಹೆಣ್ಣಿನ ಮುಖದ ಮೇಲೆ. ಅವಳು ದೇಶದ ಸಂಕೇತ. 1984ರಲ್ಲಿ ಸ್ವತಂತ್ರ ಅಲ್ಜೀರಿಯಾ ತಂದ ಕುಟುಂಬ ಕಾನೂನು ಹೆಣ್ಣನ್ನು ಬದುಕಿಡೀ ಗಂಡಸಿನ ಅಧೀನದಲ್ಲಿ ಇಡಲು ಹೊರಟಾಗ, ಸಂಕೇತವಾಗಿ ಪೂಜಿಸಲ್ಪಟ್ಟವಳಿಗೆ ನಾಗರಿಕಳಾಗಿ ಸಿಕ್ಕಿದ್ದೇನು ಎಂದು ಈ ದೃಶ್ಯವನ್ನು ಮತ್ತೆ ನೋಡಿದವರು ಕೇಳಿದರು.

ಹೇಳದೆ ಬಿಟ್ಟ ಇನ್ನೊಂದು ಸಂಗತಿ ಹೋರಾಟದ ಒಳಜಗಳ. ಎಫ್‌ಎಲ್‌ಎನ್ ತನ್ನ ಪ್ರತಿಸ್ಪರ್ಧಿಯಾಗಿದ್ದ, ಮೆಸ್ಸಾಲಿ ಹಾಜ್ ನೇತೃತ್ವದ ಪಕ್ಷದೊಡನೆ ರಕ್ತಪಾತದ ಕದನವನ್ನೇ ನಡೆಸಿತ್ತು. 1957ರ ಮೇ ತಿಂಗಳಲ್ಲಿ, ಅಂದರೆ ಚಿತ್ರ ಹೇಳುವ ಕಾಲದಲ್ಲಿಯೇ, ಮೆಲೂಜಾ ಪ್ರದೇಶದಲ್ಲಿ ಆ ಪಕ್ಷದ ಬೆಂಬಲಿಗರೆಂದು ಸುಮಾರು 300 ಹಳ್ಳಿಗರನ್ನು ಅದು ಕೊಂದಿತು. ಚಿತ್ರದಲ್ಲಿ ಕಸಬಾ ಒಂದೇ ಮನಸ್ಸಿನ ಜನಸಮುದಾಯ. ಎಫ್‌ಎಲ್‌ಎನ್‌ಗೆ ಎದುರಾಗಿ ನಿಲ್ಲುವವರು ಕುಡುಕರು, ತಲೆಹಿಡುಕರು, ದ್ರೋಹಿಗಳು ಮಾತ್ರ. ಸ್ವಾತಂತ್ರ್ಯದ ನಂತರ ಏಕಪಕ್ಷ ಆಡಳಿತ ನಡೆಸಿದ ರಂಗಕ್ಕೆ ಈ ಚಿತ್ರಣ ಎಷ್ಟು ಅನುಕೂಲಕರವಾಗಿತ್ತೆಂಬುದನ್ನು ಮರೆಯಬಾರದು. ಚಿತ್ರದ ನಿರ್ಮಾಪಕರಲ್ಲಿ ಒಬ್ಬರಾದ ಸಾದಿ ಆ ರಂಗದ ಮಾಜಿ ಸೇನಾನಿಯೇ. ಪ್ಯಾಲೆಸ್ಟೀನ್ ಮೂಲದ ಚಿಂತಕ ಎಡ್ವರ್ಡ್ ಸಯೀದ್ ಅವರಂತೆ ಈ ಚಿತ್ರವನ್ನು ರಾಜಕೀಯ ಸಿನಿಮಾದ ಶಿಖರಗಳಲ್ಲಿ ಒಂದೆಂದು ಗೌರವಿಸುವವರ ಸಾಲಿನಲ್ಲಿಯೇ ನಾನೂ ನಿಲ್ಲುತ್ತೇನೆ. ಆದರೆ ಅದರ ಮೇಲೆ ಹೊರಿಸಬಹುದಾದ ಅತ್ಯಂತ ನ್ಯಾಯವಾದ ದೂರು ಇದು. ಅದು ಪಕ್ಷ ವಹಿಸಿದ್ದು ದೋಷವಲ್ಲ. ತಾನು ವಹಿಸಿದ ಪಕ್ಷದ ಒಳಗೆ ಎದ್ದಿದ್ದ ಬೇರೆ ದನಿಗಳನ್ನು ಅಳಿಸಿದ್ದು ದೋಷ.

ಇನ್ನು ಸೈನ್ಯಗಳ ಓದು. 1960ರ ದಶಕದ ಕೊನೆಯಲ್ಲಿ ಅರ್ಜೆಂಟೀನಾದ ನೌಕಾಪಡೆಯ ತರಬೇತಿ ಶಾಲೆಯಲ್ಲಿ ಈ ಚಿತ್ರವನ್ನು ತೋರಿಸಲಾಗಿತ್ತೆಂದು ಅಲ್ಲಿನ ಮಾಜಿ ಕೆಡೆಟ್‌ಗಳು ಸಾಕ್ಷಿ ನುಡಿದಿದ್ದಾರೆ. 1976ರ ನಂತರದ ಸರ್ವಾಧಿಕಾರದ ಕಾಲದಲ್ಲಿ ಅದೇ ಶಾಲೆ ಚಿತ್ರಹಿಂಸೆಯ ಕೇಂದ್ರವಾಗಿ ಕುಖ್ಯಾತವಾಯಿತು. 2003ರ ಆಗಸ್ಟ್‌ನಲ್ಲಿ, ಅಮೆರಿಕ ಇರಾಕನ್ನು ಆಕ್ರಮಿಸಿದ ಕೆಲವೇ ತಿಂಗಳಲ್ಲಿ, ಪೆಂಟಗಾನ್ ತನ್ನ ಅಧಿಕಾರಿಗಳಿಗಾಗಿ ಇದನ್ನು ಪ್ರದರ್ಶಿಸಿತು. ಭಯೋತ್ಪಾದನೆಯ ವಿರುದ್ಧದ ಕಾಳಗವನ್ನು ಗೆದ್ದು ವಿಚಾರಗಳ ಯುದ್ಧವನ್ನು ಸೋಲುವುದು ಹೇಗೆ ಎಂಬರ್ಥದ ಸಾಲು ಅದರ ಆಹ್ವಾನಪತ್ರದಲ್ಲಿತ್ತು. ಮರುವರ್ಷ ಚಿತ್ರ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಮರುಬಿಡುಗಡೆಯಾಗಿ, ಹೊಸ ತಲೆಮಾರಿನ ವಿಮರ್ಶಕರು ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಸುದ್ದಿಯ ಬೆಳಕಿನಲ್ಲಿ ಅದನ್ನು ಓದಿದರು. ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರಿಂದ ಸಂಗ್ರಹಿಸುವ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 2012 ಮತ್ತು 2022ರಲ್ಲಿ ಅದು ಮೊದಲ ಐವತ್ತರೊಳಗಿತ್ತು.

ಚಿತ್ರವನ್ನು ಬಂಡಾಯ ಹತ್ತಿಕ್ಕುವ ವಿದ್ಯೆಯ ಪಾಠವಾಗಿ ನೋಡಿದವರಿಗೆ ಸಾಮಗ್ರಿ ಸಿಗುವುದು ನಿಜ. ಒಬ್ಬನಿಗೆ ಮೂವರ ಗುರುತು ಮಾತ್ರ ಇರುವ ತ್ರಿಕೋನಾಕಾರದ ಸಂಘಟನೆಯನ್ನು ಮಾತ್ಯು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಾನೆ, ಅದನ್ನು ತುದಿಯವರೆಗೂ ಹತ್ತಿ ಅಲಿಯನ್ನು ತಲುಪುತ್ತಾನೆ. ಗೋಡೆ ಸ್ಫೋಟಿಸುತ್ತದೆ. ಅಧಿಕಾರಿಗಳು ಕೈ ಕುಲುಕಿ ಹೊರಡುತ್ತಾರೆ. ಅಲ್ಲಿಗೆ ಎದ್ದುಹೋಗುವ ಪ್ರೇಕ್ಷಕನಿಗೆ ಚಿತ್ರಹಿಂಸೆ ಫಲಕಾರಿಯೆಂದೇ ತೋರುತ್ತದೆ. ಆದರೆ ಚಿತ್ರಕ್ಕೆ ಇನ್ನೂ ಕೆಲವು ನಿಮಿಷಗಳಿವೆ. ತೆರೆಯ ಮೇಲೆ 1960ರ ಡಿಸೆಂಬರ್ ಬರುತ್ತದೆ. ಯಾವ ಸಂಘಟನೆಯೂ ಉಳಿದಿಲ್ಲವೆಂದುಕೊಂಡಿದ್ದ ಕಸಬಾದಿಂದ, ಏಕೆಂದು ಯಾರಿಗೂ ತಿಳಿಯದಂತೆ, ಸಾವಿರಾರು ಜನ ಮನೆಯಲ್ಲೇ ಹೊಲಿದ ಬಾವುಟಗಳೊಡನೆ ಬೀದಿಗಿಳಿಯುತ್ತಾರೆ. ಹೊಗೆಯೊಳಗಿಂದ ಹೆಂಗಸರ ಉಲುಲು ದನಿ ಏಳುತ್ತದೆ. ಏನು ಬೇಕೆಂದು ಧ್ವನಿವರ್ಧಕದಲ್ಲಿ ಕೂಗುವ ಪೊಲೀಸ್ ಅಧಿಕಾರಿಗೆ ಸ್ವಾತಂತ್ರ್ಯವೆಂಬ ಉತ್ತರ ಬರುತ್ತದೆ. ಕಪ್ಪುಹಲಗೆಯ ತ್ರಿಕೋನದಲ್ಲಿ ಈ ಜನಕ್ಕೆ ಜಾಗವಿರಲಿಲ್ಲ. ನಾಯಕರನ್ನೆಲ್ಲ ಕಥೆಯಿಂದ ತೆಗೆದ ಮೇಲೆಯೇ ಚಿತ್ರ ತನ್ನ ನಿಜವಾದ ನಾಯಕನನ್ನು ಮುಂದೆ ತರುತ್ತದೆ ಎಂಬುದನ್ನು ಗ್ರಹಿಸಿದವರ ಓದು ಮಾತ್ರ ನನಗೆ ಪೂರ್ಣವೆನಿಸುತ್ತದೆ.

ವಿಮರ್ಶೆಗಳಲ್ಲಿ ಅಷ್ಟಾಗಿ ಚರ್ಚೆಯಾಗದ ಒಂದು ಚಿಕ್ಕ ದೃಶ್ಯವಿದೆ. ಸೆರೆಸಿಕ್ಕ ಲಾರ್ಬಿ ಬೆನ್ ಮ್ಹಿದಿ ತನ್ನ ಅಂಗಿಯನ್ನು ಹರಿದು ಹಗ್ಗ ಮಾಡಿ, ಕಿಟಕಿಯ ಸರಳಿಗೆ ನೇಣು ಹಾಕಿಕೊಂಡನೆಂದು ಸರ್ಕಾರ ಪ್ರಕಟಿಸಿದೆ. ಪತ್ರಿಕಾಗೋಷ್ಠಿಯಲ್ಲಿ ವರದಿಗಾರನೊಬ್ಬ ಎದ್ದು ಮಾತ್ಯುವನ್ನು ಕೇಳುತ್ತಾನೆ: ಆತ ತಪ್ಪಿಸಿಕೊಳ್ಳದಂತೆ ಕೈಕಾಲುಗಳನ್ನು ಸದಾ ಕಟ್ಟಿಡಲಾಗಿದೆಯೆಂದು ಅದೇ ವಕ್ತಾರರು ಹಿಂದೆ ಹೇಳಿದ್ದರಲ್ಲ, ಕಟ್ಟಿದ ಕೈಗಳಿಂದ ಅಂಗಿ ಹರಿಯುವುದು, ಹಗ್ಗ ಹೊಸೆಯುವುದು, ಸರಳಿಗೆ ಬಿಗಿಯುವುದು ಸಾಧ್ಯವೇ? ಆ ಪ್ರಶ್ನೆಯನ್ನು ವಕ್ತಾರರಿಗೇ ಕೇಳಬೇಕೆಂದು ಮಾತ್ಯು ಜಾರಿಕೊಳ್ಳುತ್ತಾನೆ. ಬೆನ್ ಮ್ಹಿದಿಯನ್ನು ತಾವೇ ಕೊಲ್ಲಿಸಿದ್ದಾಗಿ ಪಾಲ್ ಒಸ್ಸಾರೆಸ್ ಎಂಬ ಸೇನಾಧಿಕಾರಿ ತಮ್ಮ ಪುಸ್ತಕದಲ್ಲಿ ಬರೆದದ್ದು 2001ರಲ್ಲಿ. ಫ್ರೆಂಚ್ ಸೈನಿಕರೇ ಅವರನ್ನು ಹತ್ಯೆ ಮಾಡಿದರೆಂದು ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರೋನ್ ಅಧಿಕೃತವಾಗಿ ಒಪ್ಪಿಕೊಂಡದ್ದು, ದಂಗೆ ಆರಂಭವಾದ 70ನೆಯ ವರ್ಷದ ದಿನವಾದ 2024ರ ನವೆಂಬರ್ 1ರಂದು. ಚಿತ್ರದಲ್ಲಿ ವರದಿಗಾರ ಆ ಪ್ರಶ್ನೆ ಕೇಳಿ ಅಷ್ಟು ಹೊತ್ತಿಗೆ 58 ವರ್ಷಗಳಾಗಿದ್ದವು.